ಕಾಲ್ಪೆಟ್ಟಿಗೆಯಿಂದ ಕೈಪೆಟ್ಟಿಗೆಗೆ: ಹಾರ್ಮೋನಿಯಂ ಕೊಳ್ಳೋ ಮುಂಚೆ ಒಂದಿಷ್ಟು ಹಳೇ ಕತೆ

ಹಾರ್ಮೋನಿಯಂ ಅಂದ ಕೂಡ್ಲೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆ ಹೆಣ್ಣುಮಕ್ಕಳಿಗೆ ಮೊದಲು ನೆನಪಾಗೋದು ನಾಟಕದ ಮೇಷ್ಟ್ರು. ಊರಬ್ಬಕ್ಕೆ 'ಕುರುಕ್ಷೇತ್ರ'ನೋ 'ದಾನಶೂರ ಕರ್ಣ'ನೋ ಆಡಬೇಕು ಅಂದ್ರೆ ತಿಂಗಳುಗಟ್ಟಲೆ ಮುಂಚೆನೇ ಮೇಷ್ಟ್ರನ್ನ ಕರೆಸ್ತಾರೆ. ದೇವಸ್ಥಾನದ ಪಡಸಾಲೇಲೋ ಸ್ಕೂಲ್ ಜಗುಲಿ ಮೇಲೋ ಪೆಟ್ಟಿಗೆ ಇಟ್ಕೊಂಡು ರಾತ್ರಿ ಊಟ ಆದ್ಮೇಲೆ ಪ್ರಾಕ್ಟೀಸು ಶುರು. ಅಲ್ಲಿ ದುರ್ಯೋಧನನ ಪಾರ್ಟಿನೋರು ಕಂದಪದ್ಯ ಎಳೀತಿದ್ರೆ ಇಲ್ಲಿ ನಾವು ಅವರೆಕಾಯಿ ಸುಲೀತಾ ಕೇಳ್ತಿದ್ದೋ. ನಾಟಕದ ದಿನ ಬರೋ ಹೊತ್ತಿಗೆ ಹಾಡೆಲ್ಲ ನಮ್ಮ ಬಾಯಿಗೂ ಬಂದಿರ್ತಿತ್ತು. ಆದ್ರೆ ನಮ್ಮಲ್ಲಿ ಆ ಪೆಟ್ಟಿಗೆ ಮುಟ್ಟಿದೋರು ಒಬ್ರೂ ಇರಲಿಲ್ಲ.

ಈಗ ಕಾಲ ಒಸಿ ಬದಲಾಗೈತೆ. ಊರೂರಲ್ಲೂ ಹೆಣ್ಣುಮಕ್ಕಳ ಭಜನೆ ಮಂಡಳಿಗಳು ಅವೆ. ನಲವತ್ತು ಐವತ್ತು ದಾಟಿದೋರು "ನಾನೂ ಪೆಟ್ಟಿಗೆ ಕಲೀತೀನಿ" ಅಂತ ಬಾಯಿ ಬಿಟ್ಟು ಹೇಳ್ತಾವ್ರೆ. ಹೇಳಿದ ಮಾರನೇ ದಿನವೇ ಪ್ರಶ್ನೆ ಬರ್ತದೆ: ಯಾವ ಪೆಟ್ಟಿಗೆ? ಎಷ್ಟು ದುಡ್ಡಿಂದು? ಅಂಗಡಿಯೋರು ಒಂದು ಹೇಳ್ತಾರೆ, ಮಗ ಫೋನು ನೋಡಿ ಇನ್ನೊಂದು ಹೇಳ್ತಾನೆ. ಅದಕ್ಕೇ ಈ ಸಲ ಅಡಿಗೆ ವಿಚಾರ ಪಕ್ಕಕ್ಕಿಟ್ಟು ಇದನ್ನ ಬರೀತಿದೀನಿ. ಬೆಲೆಗಿಂತ ಮುಂಚೆ ಕತೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಪೆಟ್ಟಿಗೆ ಮೈಮೇಲಿರೋ ಒಂದೊಂದು ಗುಂಡಿಗೂ ಒಂದೊಂದು ಕಾರಣ ಐತೆ. ಯಾವ ಗುಂಡಿ ಯಾರಿಗೋಸ್ಕರ ಬಂತು ಅಂತ ತಿಳಿದ್ರೆ, ನಮ್ಮ ದುಡ್ಡು ಯಾವುದಕ್ಕೆ ಹಾಕಬೇಕು ಅನ್ನೋದು ತಾನೇ ಗೊತ್ತಾಗ್ತದೆ.

ಮೊದಲು ಸದ್ದಿನ ಗುಟ್ಟು. ಪೆಟ್ಟಿಗೆ ಒಳಗಡೆ ಒಂದೊಂದು ಮನೆಗೂ ಒಂದೊಂದು ಹಿತ್ತಾಳೆ ನಾಲಿಗೆ ಇರ್ತದೆ. ಅದನ್ನೇ ರೀಡು ಅನ್ನೋದು. ಒಂದು ತುದಿ ಬಿಗಿದಿರ್ತದೆ, ಇನ್ನೊಂದು ತುದಿ ಸಡಿಲ. ಗಾಳಿ ನುಗ್ಗಿದಾಗ ಆ ತುದಿ ಅದುರಿ ಸ್ವರ ಹೊರಡ್ತದೆ. ಜಾತ್ರೇಲಿ ಮಕ್ಕಳಿಗೆ ಕೊಡಿಸ್ತೀವಲ್ಲ ಬಾಯಲ್ಲಿ ಊದೋ ಮೌತ್ ಆರ್ಗನ್ನು, ಅದರೊಳಗೂ ಇದೇ ನಾಲಿಗೆ. ಚೀನಾ ದೇಶದಲ್ಲಿ ಶೆಂಗ್ ಅನ್ನೋ ವಾದ್ಯದಲ್ಲಿ ಇಂಥ ನಾಲಿಗೆ ಬಹಳ ಹಳೇ ಕಾಲದಿಂದ್ಲೂ ಇತ್ತು. ಯೂರೋಪಿನೋರು ಅದನ್ನ ತಮ್ಮದೇ ರೀತೀಲಿ ಪೆಟ್ಟಿಗೆಗಳಿಗೆ ಜೋಡಿಸಿದ್ರು. 1829ರಲ್ಲಿ ವಿಯೆನ್ನಾ ಊರಿನ ಸಿರಿಲ್ ಡೆಮಿಯನ್ ಅಕಾರ್ಡಿಯನ್‌ಗೆ ಪೇಟೆಂಟ್ ತಗೊಂಡ. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ಡೆಬೈನ್ ತನ್ನ ಪೆಟ್ಟಿಗೆಗೆ ಹಾರ್ಮೋನಿಯಂ ಅಂತ ಹೆಸರಿಟ್ಟು ಪೇಟೆಂಟ್ ಮಾಡಿಸ್ದ. ಹಂಗಾಗಿ ಅಕಾರ್ಡಿಯನ್ನೂ ಹಾರ್ಮೋನಿಯಮ್ಮೂ ಅಕ್ಕ ತಂಗಿ ಇದ್ದಂಗೆ.

ಅಕ್ಕ ಐರ್ಲೆಂಡಿನ ಕಡೆ ಹೋಗಿ ಅಲ್ಲಿಯ ಜನರ ಕುಣಿತದ ಹಾಡಿಗೆ ಒಗ್ಗಿಕೊಂಡ್ಳು. ಅವರ ಗುಂಡಿ ಅಕಾರ್ಡಿಯನ್ನಲ್ಲಿ ಒಂದೇ ಗುಂಡಿ ಒತ್ತಿ ಪೆಟ್ಟಿಗೆ ಎಳೆದ್ರೆ ಒಂದು ಸ್ವರ, ತಳ್ಳಿದ್ರೆ ಇನ್ನೊಂದು ಸ್ವರ. ಎಳೆಯೋದು ತಳ್ಳೋದು ಬದಲಾಗ್ತಾ ಇದ್ದಂಗೆ ಕುಣಿತಕ್ಕೆ ಬೇಕಾದ ಕುಲುಕು ತಾನಾಗೇ ಬರ್ತದೆ. ತಂಗಿ ನಮ್ಮ ದೇಶಕ್ಕೆ ಬಂದ್ಳು. ನಮ್ಮ ಹಾಡಿಗೆ ಕುಲುಕಿಗಿಂತ ಎಳೆ ಕಡೀದಂಗಿರೋ ನಾದ ಮುಖ್ಯ. ಆ ಕೆಲಸಕ್ಕೆ ತಂಗಿ ಸರಿಯಾಗಿ ಸಿಕ್ಕಿದ್ಳು.

ಆದ್ರೆ ಬಂದಾಗ ಅವಳ ರೂಪ ಬೇರೆ ಇತ್ತು. ಪಾದ್ರಿಗಳು, ಬ್ರಿಟಿಷ್ ಸಾಹೇಬರು ಹಡಗಿನಲ್ಲಿ ತಂದ ಹಾರ್ಮೋನಿಯಂ ಮೇಜಿನಷ್ಟು ಎತ್ತರ. ಕುರ್ಚಿ ಮೇಲೆ ಕೂತು ಎರಡು ಕಾಲಲ್ಲೂ ತುಳೀಬೇಕು, ಎರಡು ಕೈಯಲ್ಲೂ ನುಡಿಸಬೇಕು. ಚಾಪೆ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಹಾಡೋ ನಮಗೆ ಅದು ಒಗ್ಗೋದಾದ್ರೂ ಹೆಂಗೆ? 19ನೇ ಶತಮಾನದ ಕೊನೇಲಿ ಕಲ್ಕತ್ತಾದ ದ್ವಾರಕಾನಾಥ ಘೋಷ್ ಇದಕ್ಕೊಂದು ದಾರಿ ಹುಡುಕಿದ್ರು ಅಂತ ಸಂಗೀತದೋರು ಹೇಳ್ತಾರೆ. ಡ್ವಾರ್ಕಿನ್ ಅನ್ನೋ ವಾದ್ಯದಂಗಡಿ ಅವರದು. ಕಾಲು ತುಳಿಯೋ ತಿದಿ ತೆಗೆದು ಪೆಟ್ಟಿಗೆ ಬೆನ್ನಿಗೆ ಕೈತಿದಿ ಇಟ್ಟರು. ಎಡಗೈ ತಿದಿ ಒತ್ತಿದ್ರೆ ಬಲಗೈ ನುಡಿಸ್ತದೆ. ಒಂದೇ ಕೈ ಸಾಕಾ ಅಂದ್ರೆ, ಸಾಕು ಕಣ್ರಮ್ಮ. ನಮ್ಮ ಹಾಡು ಒಂದೇ ಎಳೇಲಿ ಹರೀತದೆ. ಪಾಶ್ಚಾತ್ಯರ ಹಂಗೆ ನಾಲ್ಕಾರು ಸ್ವರ ಒಟ್ಟಿಗೆ ಪೇರಿಸಲ್ಲ. ಹಿಂಗೆ ಮೇಜು ಹೋಗಿ ಪೆಟ್ಟಿಗೆ ಆಯ್ತು, ಕುರ್ಚಿ ಹೋಗಿ ಚಾಪೆ ಬಂತು.

ಇಷ್ಟಾದ್ರೂ ನಮ್ಮ ನಾಟಕದೋರು ಕಾಲ್ಪೆಟ್ಟಿಗೆ ಬಿಡಲಿಲ್ಲ. ಯಾಕೆ ಅಂತ ನೋಡಿ. ಮರಾಠಿ ಮತ್ತೆ ಪಾರ್ಸಿ ನಾಟಕ ಕಂಪನಿಗಳ ಮೇಳದಲ್ಲಿ ಹಾರ್ಮೋನಿಯಂ ಆಗಲೇ ಕೂತಿತ್ತು. ಅದೇ ಗಾಳಿ ನಮ್ಮ ಕನ್ನಡ ಕಂಪನಿಗಳಿಗೂ ಬೀಸ್ತು. ನಮ್ಮ ಜಿಲ್ಲೇದೇ ಗುಬ್ಬಿಯಲ್ಲಿ 1884ರಲ್ಲಿ ನಾಟಕ ಕಂಪನಿ ಹುಟ್ಟಿತು. ಮುಂದೆ ಗುಬ್ಬಿ ವೀರಣ್ಣನವರ ಕೈಗೆ ಬಂದು ನಾಡಿಗೆಲ್ಲ ಹೆಸರಾಯ್ತು. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ ಕುದುರೇನೇ ರಂಗದ ಮೇಲೆ ತಂದೋರು ಅವರು. ಗುಬ್ಬಿ, ಬಾಣಸಂದ್ರ, ತಿಪಟೂರು ಎಲ್ಲಾ ಒಂದೇ ರೈಲು ಹಾದಿ ಮೇಲಿನ ಊರುಗಳು. ಗುಬ್ಬಿಯೋರ ಹಾಡು ನಮ್ಮ ಸೀಮೆಗೆ ದೂರದ್ದಾಗಿರಲಿಲ್ಲ. ಇವತ್ತಿಗೂ ನಮ್ಮ ಹಳ್ಳಿ ನಾಟಕದ ಮಟ್ಟುಗಳಲ್ಲಿ ಆ ಕಂಪನಿ ಕಾಲದ ವಾಸನೆ ಐತೆ.

ಆಗ ಮೈಕು ಅನ್ನೋದು ಎಲ್ಲಿತ್ತು? ಡೇರೆ ತುಂಬ ಜನ. ಹಿಂದಿನ ಸಾಲಿನೋರಿಗೂ ಕೇಳಬೇಕು. ಹಾಡೋನ ಗಂಟಲು ದೊಡ್ಡದು, ಅದಕ್ಕೆ ಸಮನಾಗಿ ಪೆಟ್ಟಿಗೆ ಕೂಗಬೇಕು. ಕಾಲಲ್ಲಿ ತುಳಿದ್ರೆ ಗಾಳಿ ಜೋರು, ಎರಡು ಕೈಯೂ ಬಿಡುವು. ಅದಕ್ಕೇ ರಂಗದ ಮುಂದೆ ಕಾಲ್ಪೆಟ್ಟಿಗೆ ಗಟ್ಟಿಯಾಗಿ ಉಳೀತು. ಒಂದು ಮನೆಗೆ ಒಂದೇ ರೀಡು ಸಾಲದು ಅಂತ ಎರಡು, ಮೂರು ಸಾಲು ರೀಡು ಹಾಕ್ಕೊಂಡ್ರು. ಕಪ್ಲರ್ ಅಂತ ಇನ್ನೊಂದು ಏರ್ಪಾಟು ಐತೆ. ಒಂದು ಮನೆ ಒತ್ತಿದ್ರೆ ಅದೇ ಸ್ವರದ ಇನ್ನೊಂದು ಸ್ಥಾಯಿ ಮನೇನೂ ತಾನೇ ಕೆಳಗಿಳೀತದೆ, ಸದ್ದು ದಪ್ಪ ಆಗ್ತದೆ. ಇದೂ ಜೋರಿಗೋಸ್ಕರನೇ.

ಇನ್ನು ಸ್ಕೇಲ್ ಚೇಂಜರ್. ಈಗಿನ ಅಂಗಡೀಲಿ ಬಹಳ ಹೊಗಳೋದು ಇದನ್ನೇ. ಮನೆಗಳ ಸಾಲನ್ನೇ ಪೂರಾ ಅತ್ತಿತ್ತ ಜರುಗಿಸೋ ಯಂತ್ರ ಅದು. ಇವತ್ತು ಒಬ್ಬ ಗಾಯಕನಿಗೆ ಒಂದು ಶ್ರುತಿ, ನಾಳೆ ಇನ್ನೊಬ್ಬರಿಗೆ ಬೇರೆ ಶ್ರುತಿ ಅಂತ ಊರೂರು ತಿರುಗೋ ಪಕ್ಕವಾದ್ಯದೋರಿಗೆ ಅದು ವರವೇ ಸರಿ. ಬೆರಳು ಇಡೋ ಜಾಗ ಬದಲಾಯಿಸದೇ ಶ್ರುತಿ ಬದಲಾಯಿಸಬಹುದು. ಆದ್ರೆ ಆ ಯಂತ್ರಕ್ಕೆ ಬೆಲೆ ಜಾಸ್ತಿ, ತೂಕ ಜಾಸ್ತಿ, ಕೆಟ್ಟರೆ ರಿಪೇರಿಯೂ ಕಷ್ಟ.

ಈಗ ಹೆಂಗಸರ ಮಾತು. ಗುಬ್ಬಿ ಕಂಪನೀಲಿ ಬಿ. ಜಯಮ್ಮ, ಮಳವಳ್ಳಿ ಸುಂದರಮ್ಮನಂಥೋರು ಹಾಡಿ ಅಭಿನಯಿಸಿ ಹೆಸರು ಮಾಡಿದ್ರು. ರಂಗದ ಮೇಲೆ ಹೆಣ್ಣು ಪಾತ್ರಾನೂ ಗಂಡಸರೇ ಮಾಡ್ತಿದ್ದ ಕಾಲ ದಾಟಿ ಅವರು ಬಂದಿದ್ದು ಸಣ್ಣ ಮಾತಲ್ಲ. ಆದ್ರೂ ಹಾಡು ಹೆಣ್ಣಿಂದು, ಪೆಟ್ಟಿಗೆ ಮುಂದೆ ಕೂರೋದು ಹೆಚ್ಚಾಗಿ ಗಂಡಸೇ. ಹಳ್ಳಿ ನಾಟಕದಲ್ಲಂತೂ ಇವತ್ತಿಗೂ ಹೆಚ್ಚುಕಮ್ಮಿ ಹಂಗೇ ಐತೆ. ಸ್ತ್ರೀ ಪಾತ್ರಕ್ಕೆ ಪಟ್ಟಣದಿಂದ ಕಲಾವಿದೆಯರನ್ನ ಕರೆಸ್ತಾರೆ. ಪೆಟ್ಟಿಗೆ ಮಾತ್ರ ಮೇಷ್ಟ್ರದು.

ರೇಡಿಯೋ ಕತೆ ಇನ್ನೂ ಸೋಜಿಗ. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಮ್ಮನ್ನೇ ನಿಷೇಧಿಸ್ತು. ಅದರ ಹನ್ನೆರಡು ಸ್ವರ ಕಲ್ಲಲ್ಲಿ ಕೊರೆದಂಗೆ ನಿಂತಿರ್ತವೆ, ನಮ್ಮ ಸಂಗೀತದ ಗಮಕ, ಜಾರು ಅದರಲ್ಲಿ ಬರಲ್ಲ ಅನ್ನೋದು ದೂರು. ರವೀಂದ್ರನಾಥ ಟಾಗೋರರಿಗೂ ಆ ವಾದ್ಯ ಕಂಡ್ರೆ ಆಗ್ತಿರಲಿಲ್ಲ. ದೂರು ಸುಳ್ಳಲ್ಲ. ವೀಣೆ ತಂತೀನ ಎಳೆದಂಗೆ ರೀಡನ್ನ ಎಳೆಯೋಕಾಗಲ್ಲ. 1971ರಲ್ಲಿ ನಿಷೇಧ ಸಡಿಲ ಆಯ್ತು. ಮೂವತ್ತು ವರ್ಷ ರೇಡಿಯೋದಲ್ಲಿ ಬಹಿಷ್ಕಾರ, ಅದೇ ಮೂವತ್ತು ವರ್ಷ ನಮ್ಮ ಊರಬ್ಬಗಳಲ್ಲಿ ರಾಜಮರ್ಯಾದೆ. ವಿದ್ವಾಂಸರು ಬೇಡ ಅಂದಿದ್ದನ್ನ ಹಾಡೋ ಜನ ಬಿಡಲಿಲ್ಲ. ಯಾಕಂದ್ರೆ ಹತ್ತು ಗಂಟಲನ್ನ ಒಂದೇ ಶ್ರುತೀಲಿ ಹಿಡಿದಿಡೋ ವಾದ್ಯ ಇಷ್ಟು ಸುಲಭಕ್ಕೆ ಇನ್ನೊಂದು ಸಿಗಲಿಲ್ಲ.

ಉತ್ತರ ಕರ್ನಾಟಕದ ಕಡೆ ಬೆಳಗಾವಿಯ ಆರ್. ಕೆ. ಬಿಜಾಪುರೆಯವರು ತೊಂಬತ್ತು ದಾಟೋವರೆಗೂ ಬದುಕಿ ಹಾರ್ಮೋನಿಯಮ್ಮಿಗೆ ಮರ್ಯಾದೆ ತಂದುಕೊಟ್ರು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳಿಗೆ ಕಣ್ಣು ಕಾಣ್ತಿರಲಿಲ್ಲ. ಆದ್ರೂ ಹಾರ್ಮೋನಿಯಂ ಸೇರಿ ಎಷ್ಟೋ ವಾದ್ಯ ನುಡಿಸಿದ್ರು, ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಸಂಗೀತ ಕಲಿಸಿದ್ರು. ಕನ್ನಡಕ ಹಾಕ್ಕೊಂಡು ಮನೆ ಹುಡುಕೋ ನಮಗೆ ಇದರಲ್ಲೊಂದು ಪಾಠ ಐತೆ. ಕಪ್ಪು ಮನೆಗಳು ಎರಡು, ಮೂರು, ಮತ್ತೆ ಎರಡು, ಮೂರು ಅಂತ ಗುಂಪಾಗಿ ಎದ್ದು ನಿಂತಿರ್ತವೆ. ಬೆರಳಿಗೆ ಅವೇ ಗುರುತು. ಕಣ್ಣು ಮಂಜಾದ್ರೂ ಬೆರಳು ದಾರಿ ಕಂಡ್ಕೊಳ್ತದೆ.

ಇಷ್ಟು ಕತೆ ತಿಳಿದ್ಮೇಲೆ ನಮ್ಮ ಮಂಡಳಿ ವಿಚಾರಕ್ಕೆ ಬರ್ತೀನಿ. ಹನ್ನೆರಡು ಜನ ತಿಂಗಳು ತಿಂಗಳು ಹಾಕಿ ಕೂಡಿಟ್ಟ ದುಡ್ಡು 14,000 ರೂಪಾಯಿ. ಕೊಬ್ಬರಿ ರೇಟು ಇವತ್ತಿದ್ದಂಗೆ ನಾಳೆ ಇರಲ್ಲ, ಇನ್ನೊಂದು ಸಲ ಎತ್ತೋಣ ಅನ್ನೋ ಹಂಗಿಲ್ಲ. ಕಲಿಯೋಕೆ ಮುಂದೆ ಬಂದೋರು ನಮ್ಮ ದೊಡ್ಡತ್ತಿಗೆ, ಐವತ್ತನಾಲ್ಕು ವರ್ಷ. ಪಟ್ಟಣದ ಒಂದು ಅಂಗಡೀಲಿ ನಲವತ್ತು ಸಾವಿರದ ಸ್ಕೇಲ್ ಚೇಂಜರ್ ತೋರಿಸಿ, "ಇದಿಲ್ದೇ ಭಜನೆಗೆ ಆಗಲ್ಲಮ್ಮ" ಅಂದ್ರಂತೆ. ಅತ್ತಿಗೆ ಮನೆಗೆ ಬಂದು, "ಅಷ್ಟು ದುಡ್ಡಿಂದು ನನಗ್ಯಾಕೆ, ಈ ವಯಸ್ಸಲ್ಲಿ?" ಅಂತ ಕೂತ್ಬಿಟ್ರು.

ಬೆಲೆ ಕೇಳಿ ಒಬ್ಬಳು ಹಿಂಗೆ ಹಿಂದೆ ಸರಿದುಬಿಟ್ರೆ ಅದು ದೊಡ್ಡ ನಷ್ಟ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದೈತೆ. ಅಗ್ಗ ಅಂತ ಸೋರೋ ತಿದಿ ಪೆಟ್ಟಿಗೆ ತಂದ್ರೆ, ಕೈ ಬೀಸಿ ಬೀಸಿ ಸೋತು "ನನ್ ಕೈಲಾಗಲ್ಲ" ಅಂತ ಮುಚ್ಚಿಡ್ತಾಳೆ. ಕುಂದು ಪೆಟ್ಟಿಗೇದು, ಹೊತ್ಕೊಳ್ಳೋದು ಅವಳು. ಚಿಕ್ಕ ಮಕ್ಕಳಾದ್ರೆ ಮೇಷ್ಟ್ರು ಬೈದು ಮುಂದಕ್ಕೆ ತಳ್ತಾರೆ. ದೊಡ್ಡೋರನ್ನ ತಳ್ಳೋರು ಯಾರೂ ಇರಲ್ಲ. ಅದಕ್ಕೇ ಮೊದಲ ಪೆಟ್ಟಿಗೆ ಸಾದಾ ಇರಬೇಕು, ಆದ್ರೆ ಗಟ್ಟಿಯಾಗಿರಬೇಕು.

ಸಾದಾ ಅಂದ್ರೆ ಏನು? ಮೂರು ಸ್ಥಾಯಿ, ಅಂದ್ರೆ 37 ಮನೆ ಇದ್ರೆ ನಮ್ಮ ಭಜನೆಗೆ ಸಾಕು. ಎರಡು ಸಾಲು ರೀಡು ಇದ್ರೆ ನಾದ ತುಂಬಿ ಬರ್ತದೆ, ಹತ್ತು ಜನದ ನಡುವೆ ಕೇಳಿಸ್ತದೆ. ಕಪ್ಲರ್ ಬೇಡ. ಸ್ಕೇಲ್ ಚೇಂಜರ್ ಬೇಡ. ಇಂಥದ್ದು ಹತ್ತರಿಂದ ಹದಿನೈದು ಸಾವಿರದ ಆಸುಪಾಸಿನಲ್ಲಿ ಸಿಗ್ತದೆ. ತೂಕ ಒಬ್ಬಳು ಎತ್ತೋ ಹಂಗಿರಬೇಕು. ವಾರಕ್ಕೊಂದು ಮನೇಲಿ ಭಜನೆ ಅಂದ್ಮೇಲೆ ಪೆಟ್ಟಿಗೆ ಹೊರೋಕೆ ಗಂಡಸರನ್ನ ಕಾಯೋಕಾಗ್ತದಾ?

ಸ್ಕೇಲ್ ಚೇಂಜರ್ ಇಲ್ದೇ ಹೆಂಗೆ ಅಂತ ಅತ್ತಿಗೆ ಕೇಳಿದ್ರು. ಲೆಕ್ಕ ಸುಲಭ. ಮೊದಲನೇ ಬಿಳಿ ಒಂದು ಮನೆ, ಪಕ್ಕದ ಕಪ್ಪು ಒಂದೂವರೆ, ಆಮೇಲೆ ಎರಡು, ಎರಡೂವರೆ, ಮೂರು. ಮೂರೂವರೆ ಅನ್ನೋದು ಇಲ್ಲ, ಯಾಕಂದ್ರೆ ಮೂರಕ್ಕೂ ನಾಲ್ಕಕ್ಕೂ ನಡುವೆ ಕಪ್ಪು ಮನೆ ಇಲ್ಲ. ಗಂಡಸರು ಸಾಮಾನ್ಯವಾಗಿ ಒಂದು, ಒಂದೂವರೆ, ಎರಡರಲ್ಲಿ ಹಾಡ್ತಾರೆ. ಹೆಣ್ಣು ಗಂಟಲಿಗೆ ಹೆಚ್ಚಾಗಿ ನಾಲ್ಕೂವರೆಯಿಂದ ಆರು. ಐದನೇ ಮನೆಯನ್ನ ಷಡ್ಜ ಮಾಡ್ಕೊಂಡು ಶಂಕರಾಭರಣದ ಸ್ವರ ಹಿಡಿದ್ರೆ ನಿಷಾದ ಒಂದೇ ಕಪ್ಪು ಮನೆಗೆ ಬರ್ತದೆ, ಮಿಕ್ಕಿದ್ದೆಲ್ಲ ಬಿಳಿ. ಮಂಡಳಿಗೆಲ್ಲ ಒಂದೇ ಶ್ರುತಿ, ಐದು ಮನೆ ಅಂತ ಗೊತ್ತು ಮಾಡ್ಕೊಂಡ್ರೆ ಆ ಯಂತ್ರದ ಕೆಲಸವೇ ಇಲ್ಲ. ಐದು ಕೈಗೆ ಕೂತ ಮೇಲೆ ನಾಲ್ಕು ಕಲೀರಿ. ಅದರಲ್ಲೂ ಮಧ್ಯಮ ಒಂದೇ ಕಪ್ಪು. ಆರು ಮನೇಲಿ ಮೂರು ಕಪ್ಪು ಬರ್ತವೆ, ಅದು ನಿಧಾನಕ್ಕೆ.

ಅಂಗಡೀಲಿ ನೋಡೋ ಬಗೆ ಹೇಳ್ತೀನಿ. ಕಾಯಿ ಕಿವಿ ಹತ್ರ ಹಿಡಿದು ಅಲ್ಲಾಡಿಸಿ, ಒಳಗೆ ಗೊಟಕು ಬಿಟ್ಟೈತಾ ಅಂತ ನೋಡೋ ನಮಗೆ ಇದೇನು ಕಷ್ಟ ಅಲ್ಲ. ಒಂದು, ತಿದಿ ಪೂರ್ತಿ ತುಂಬಿಸಿ ಯಾವ ಮನೇನೂ ಒತ್ತದೇ ಸುಮ್ನೆ ಬಿಡಿ. ಗಾಳಿ ಬೇಗ ಇಳಿದುಹೋದ್ರೆ ಎಲ್ಲೋ ಸೋರ್ತಾ ಐತೆ ಅಂತ. ಎರಡು, ತಿದಿ ಮೆಲ್ಲಗೆ ಒತ್ತಿ ಒಂದೊಂದೇ ಮನೆ ನುಡಿಸಿ. ಕಮ್ಮಿ ಗಾಳಿಗೂ ರೀಡು ತಕ್ಷಣ ಬಾಯಿ ಬಿಡಬೇಕು. ತಡವಾಗಿ ಮುನಗೋ ರೀಡು ಸರಿ ಇಲ್ಲ. ಮೂರು, ಷಡ್ಜ ಮತ್ತೆ ಮೇಲಿನ ಷಡ್ಜ ಒಟ್ಟಿಗೆ ಒತ್ತಿ. ಎರಡೂ ಸೇರಿ ಒಂದೇ ನಾದ ಆಗಬೇಕು. "ವಾಂವ್ ವಾಂವ್" ಅಂತ ಅಲೆ ಅಲೆಯಾಗಿ ಕೇಳಿದ್ರೆ ಶ್ರುತಿ ಹೊಂದಿಲ್ಲ ಅಂತ. ನಾಲ್ಕು, ಮನೆ ಒತ್ತಿ ಬಿಟ್ಟಾಗ ಲೊಟಕ್ ಅಂತ ಮರದ ಸದ್ದು ಜಾಸ್ತಿ ಬರಬಾರದು, ಒತ್ತಿದ್ದು ಅಲ್ಲೇ ಕಚ್ಚಿಕೊಂಡು ನಿಲ್ಲಬಾರದು. ಐದು, ಮಗನ ಫೋನಿನ ಟ್ಯೂನರಿನಲ್ಲಿ ಐದನೇ ಮನೆ ಸರಿ ತೋರಿಸ್ತದಾ ನೋಡಿ. ಹಳೇ ಪೆಟ್ಟಿಗೆಗಳು ತಮ್ಮಷ್ಟಕ್ಕೆ ಸರಿ ಇದ್ರೂ ಬೇರೆ ವಾದ್ಯದ ಜೊತೆ ಸೇರದೇ ಹೋಗಬಹುದು.

ಮುಂದೆ ಕಾಣೋ ಮೆರುಗು, ಕೆತ್ತನೆ, ಚಿತ್ತಾರಕ್ಕೆ ಮರುಳಾಗಬೇಡಿ. ಕೇಳಬೇಕಾದ್ದು "ರೀಡು ಎಲ್ಲೀದು?" ಅಂತ. ಒಂದು ಕಾಲದಲ್ಲಿ ಒಳ್ಳೇ ರೀಡು ಅಂದ್ರೆ ಜರ್ಮನಿ, ಪ್ಯಾರಿಸ್ಸಿಂದ ಬರ್ತಿತ್ತು. ಈಗ ಗುಜರಾತಿನ ಪಾಲಿತಾಣಾ ಊರು ರೀಡಿಗೆ ಹೆಸರುವಾಸಿ. ಬೆಂಗಳೂರಿಗೆ ಹೋಗೋದಾದ್ರೆ ಬಳೇಪೇಟೇಲಿ ವಾದ್ಯದಂಗಡಿಗಳು ಸಾಲಾಗಿ ಅವೆ. ನಾಲ್ಕು ಕಡೆ ನುಡಿಸಿ ನೋಡಿ ತರಬಹುದು. ಹಾಡೋ ಒಬ್ಬಳನ್ನ ಜೊತೇಲಿ ಕರ್ಕೊಂಡು ಹೋಗಿ.

ಊರಲ್ಲೇ ನಾಟಕದೋರ ಹಳೇ ಕಾಲ್ಪೆಟ್ಟಿಗೆ ಅಗ್ಗಕ್ಕೆ ಸಿಗ್ತದೆ ಅಂದ್ರೆ? ಮರ, ರೀಡು ಚೆನ್ನಾಗಿರಬಹುದು. ಆದ್ರೆ ತಿದಿ ಚರ್ಮ ಹೋಗಿದ್ರೆ ರಿಪೇರಿ ಖರ್ಚು ಸೇರಿಸಿ ಲೆಕ್ಕ ಹಾಕಿ. ನೆಲದ ಮೇಲೆ ಕೂತು ಭಜನೆ ಮಾಡೋ ಹನ್ನೆರಡು ಜನದ ನಡುವೆ ಕುರ್ಚಿ ಹಾಕ್ಕೊಂಡು ಒಬ್ಬಳು ಕೂರೋದು ಹೆಂಗಿರ್ತದೆ ಅಂತಾನೂ ಯೋಚ್ನೆ ಮಾಡಿ. ಇನ್ನು ಹುಡುಗರು ಹೇಳೋ ಕೀಬೋರ್ಡು ಕೆಟ್ಟದ್ದೇನಲ್ಲ. ಆದ್ರೆ ಕರೆಂಟು ಬೇಕು, ಇಲ್ಲಾ ಸೆಲ್ಲು ಬೇಕು. ಮುಖ್ಯವಾಗಿ ಅದರಲ್ಲಿ ತಿದಿ ಇಲ್ಲ. ಹಾಡು ತಗ್ಗಿದಾಗ ತಗ್ಗಿ, ಏರಿದಾಗ ಏರೋ ಉಸಿರು ಎಡಗೈಯಲ್ಲಿರ್ತದೆ. ಅದನ್ನ ಮೊದಲಿಂದ್ಲೇ ಕಲೀಬೇಕು.

ನಮ್ಮ ಅತ್ತಿಗೆ ಕೊನೆಗೆ ಆರಿಸಿದ್ದು 37 ಮನೆಯ, ಎರಡು ಸಾಲು ರೀಡಿನ ಸಾದಾ ಕೈಪೆಟ್ಟಿಗೆ. 12,500 ರೂಪಾಯಿ. ಮಿಕ್ಕ ದುಡ್ಡಲ್ಲಿ ಒಂದು ಒಳ್ಳೇ ಹೊದಿಕೆ ಚೀಲ, ಎರಡು ಜೊತೆ ತಾಳ ಬಂತು.

ತಂದ ಮೇಲೆ ಇಡೋ ಜಾಗದ ಬಗ್ಗೆ ಜ್ಞಾಪಕ ಇರಲಿ. ನಮ್ಮದು ಕೊಬ್ಬರಿ ಅಟ್ಟದ ಮನೆಗಳು. ಅಟ್ಟ ಇದ್ದ ಕಡೆ ಇಲಿ ಇದ್ದೇ ಇರ್ತದೆ, ತಿದಿ ಚರ್ಮ ಅಂದ್ರೆ ಇಲಿಗೆ ಹಬ್ಬದೂಟ. ಪೆಟ್ಟಿಗೇನ ಅಟ್ಟದ ಕೆಳಗೆ, ಒಲೆ ಹೊಗೆ ಬರೋ ಕಡೆ, ಸೀಲು ಗೋಡೆ ಪಕ್ಕ ಇಡಬೇಡಿ. ಮುಚ್ಚಳ ಹಾಕಿ, ಬಟ್ಟೆ ಹೊದಿಸಿ, ಮಣೆ ಮೇಲಿಡಿ. ಎತ್ತೋವಾಗ ತಿದಿ ಹಿಡ್ಕೊಂಡು ಎತ್ತಬೇಡಿ. ದೂಳು ಕೂತು ಒಂದು ರೀಡು ಮೂಕ ಆದ್ರೆ ಸೂಜಿ ಹಾಕಿ ಕೆದಕಬೇಡಿ. ನಾಲಿಗೆ ತುದಿ ಒಸಿ ತೇದ್ರೂ ಸ್ವರ ಏರ್ತದೆ, ಬುಡ ತೇದ್ರೆ ಇಳೀತದೆ. ಅದು ತಿಳಿದೋರ ಕೈ ಕೆಲಸ.

ಮೊದಲ ಹದಿನೈದು ದಿನ ಹಾಡು ಬೇಡ. ಐದನೇ ಮನೆ ಒಂದನ್ನೇ ಒತ್ತಿ, ತಿದೀನ ಒಂದೇ ಸಮ ಬೀಸಿ, ಆ ನಾದಕ್ಕೆ ಗಂಟಲು ಸೇರಿಸಿ. ದಿನಕ್ಕೆ ಕಾಲು ಗಂಟೆ ಸಾಕು, ಮಧ್ಯಾಹ್ನ ಊಟ ಆಗಿ ಮನೆ ಸದ್ದಿಲ್ದಂಗಿರೋ ಹೊತ್ತಲ್ಲಿ. ನಾದ ನಡುಗದೇ ನಿಂತ ದಿನ ಸ ರಿ ಗ ಮಕ್ಕೆ ಕೈ ಹಾಕಿ. ನಿಮ್ಮೂರಲ್ಲಿ ಯಾರಾದ್ರೂ ಶುರು ಮಾಡಿದ್ರೆ ಹೇಳ್ರಮ್ಮ. ಯಾವ ಪೆಟ್ಟಿಗೆ, ಎಷ್ಟಕ್ಕೆ, ಯಾವ ಮನೇಲಿ ಹಾಡ್ತೀರ ಅನ್ನೋದನ್ನೂ ಸೇರಿಸಿ ಹೇಳಿ, ಮುಂದಿನೋರಿಗೆ ದಾರಿ ಆಗ್ತದೆ.